ಅಲರ್ಜಿ ಪ್ಯಾಕೇಜಿನ ವರದಿಗಳು ಮತ್ತು ಚರ್ಮದ ತುರಿಕೆ: ಯಾರಿಗೆ ಯಾವ ಪರೀಕ್ಷೆ?

ಪ್ರಶ್ನೆ: ಡೊಂಬಿವಲಿಯ ಕುಟುಂಬ ವೈದ್ಯೆ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ನನ್ನದೊಂದು ಚಿಕ್ಕ ದವಾಖಾನೆ ಇದೆ. ಬರುವವರಲ್ಲಿ ಕನ್ನಡದವರೇ ಹೆಚ್ಚು: ಹೋಟೆಲುಗಳಲ್ಲಿ ದುಡಿಯುವ ಕರಾವಳಿಯವರು, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದ ಕಡೆಯವರು, ಬ್ಯಾಂಕುಗಳಿಂದ ನಿವೃತ್ತರಾಗಿ ಇಲ್ಲಿಯೇ ನೆಲೆ ನಿಂತವರು. ಈಚೆಗೆ ಚರ್ಮದ ತುರಿಕೆಯೆಂದು ಬರುವ ಅನೇಕರು ನನ್ನನ್ನು ಕಾಣುವ ಮೊದಲೇ, ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬುಗಳಲ್ಲಿ ‘ಅಲರ್ಜಿ ಪ್ಯಾಕೇಜು’ ಮಾಡಿಸಿಕೊಂಡು, ಕೆಂಪು ಹಳದಿ ಬಣ್ಣ ತುಂಬಿದ ಹಲವು ಪುಟಗಳ ವರದಿಯನ್ನು ಮೇಜಿನ ಮೇಲೆ ಇಡುತ್ತಾರೆ. ವರದಿ ದಪ್ಪವಾದಷ್ಟೂ ಕಾಯಿಲೆಯ ಹೆಸರು ಹೇಳುವುದು ನನಗೆ ಕಷ್ಟವಾಗುತ್ತಿದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಮೂವರ ವಿಷಯವನ್ನು ಇಲ್ಲಿ ಇಡುತ್ತೇನೆ.

ಮೊದಲನೆಯವಳು ಕಾಲೇಜು ಹುಡುಗಿ. ಮೂರು ತಿಂಗಳಿಂದ ಹೆಚ್ಚುಕಡಿಮೆ ದಿನವೂ ಮೈಮೇಲೆ ಪಿತ್ತದ ಗಂಧೆಗಳು ಏಳುತ್ತವೆ, ಕೆಲವು ಗಂಟೆಗಳಲ್ಲಿ ಇಳಿದು ಬೇರೆ ಕಡೆ ಮತ್ತೆ ಏಳುತ್ತವೆ. ಅವಳ ವರದಿಯಲ್ಲಿ ಧೂಳಿನ ಮೈಟ್, ಜಿರಳೆ, ಸೀಗಡಿ ಮೂರಕ್ಕೂ ಐಜಿಇ, ಅಂದರೆ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ, ಪಾಸಿಟಿವ್ ಇದೆ. ಜೊತೆಗೆ ಹಾಲು, ಗೋಧಿ, ಟೊಮೆಟೊಗಳಿಗೆ ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಹೆಚ್ಚಿದೆ, ಅವನ್ನು ಬಿಡಬೇಕು ಎಂದು ಬರೆದಿದೆ. ಅವರದು ತಲೆಮಾರುಗಳಿಂದ ಸಸ್ಯಾಹಾರದ ಮನೆ; ಸೀಗಡಿಯನ್ನು ಅವಳು ಕಂಡಿರುವುದು ಮೀನು ಮಾರುಕಟ್ಟೆಯ ಮುಂದೆ ಹಾದುಹೋಗುವಾಗ ಮಾತ್ರ.

ಎರಡನೆಯವರು ಹೋಟೆಲಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುವ, ತರಕಾರಿ ಹೆಚ್ಚುವ ಕೆಲಸದವರು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ ದಪ್ಪವಾಗಿ ಸೀಳು ಬಿಟ್ಟಿವೆ. ಇವರ ವರದಿ ಪೂರ್ತಿ ನೆಗೆಟಿವ್.

ಮೂರನೆಯವರು ಎಪ್ಪತ್ತು ದಾಟಿದ ಹಿರಿಯರು, ಸಕ್ಕರೆ ಕಾಯಿಲೆಗೆ ಬಹಳ ಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ತಿಂಗಳುಗಟ್ಟಲೆ ಮೈಯೆಲ್ಲ ತುರಿಕೆ, ಅಲ್ಲಲ್ಲಿ ಕೆಂಪು ದಡಿಕೆ. ಒಟ್ಟು ಐಜಿಇ ಮತ್ತು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಎರಡೂ ಏರಿರುವುದರಿಂದ ಮನೆಯವರು ಇದನ್ನು ಅಲರ್ಜಿಯೆಂದೇ ತಿಳಿದು ಬದನೆಕಾಯಿಯಿಂದ ಮೊಸರಿನವರೆಗೆ ಎಲ್ಲವನ್ನೂ ಬಿಡಿಸಿದ್ದಾರೆ.

ತಜ್ಞರ ಬಳಿಗೆ ಕಳುಹಿಸುವ ಮೊದಲು ನನ್ನ ಮಟ್ಟದಲ್ಲಿ ಏನನ್ನು ನೋಡಬೇಕು, ಯಾವ ಪರೀಕ್ಷೆಯನ್ನು ಕೇಳಬೇಕು, ಯಾವುದನ್ನು ಕೇಳಬಾರದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಪುಣೆಯ ಚರ್ಮರೋಗ ತಜ್ಞ

ನಮಸ್ಕಾರ ಡಾಕ್ಟರೇ. ನೀವು ಬರೆದಿರುವ ಮೂವರಿಗೂ ಒಂದೇ ಪ್ಯಾಕೇಜು ಮಾಡಿಸಿರುವುದರಲ್ಲಿಯೇ ತೊಂದರೆಯ ಮೂಲವಿದೆ ಎಂದು ನನಗನಿಸುತ್ತದೆ. ಅಲರ್ಜಿಯ ಪ್ರತಿಕ್ರಿಯೆಗಳನ್ನು ಕೂಂಬ್ಸ್ ಮತ್ತು ಜೆಲ್ ಎಂಬ ವಿಜ್ಞಾನಿಗಳು 1963ರಲ್ಲಿ ನಾಲ್ಕು ಬಗೆಗಳಾಗಿ ವಿಂಗಡಿಸಿದರು. ಅದಕ್ಕೆ ಮುಂದೆ ಎಷ್ಟೋ ತಿದ್ದುಪಡಿಗಳು ಬಂದಿದ್ದರೂ ದವಾಖಾನೆಯ ಮಟ್ಟಿಗೆ ಆ ವಿಂಗಡಣೆ ಇಂದಿಗೂ ಉಪಯುಕ್ತ. ಮೊದಲನೆಯ ಬಗೆಯಲ್ಲಿ ಐಜಿಇ ಕೆಲಸ ಮಾಡುತ್ತದೆ ಮತ್ತು ಲಕ್ಷಣಗಳು ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ನಾಲ್ಕನೆಯ ಬಗೆಯಲ್ಲಿ ಟಿ ಜೀವಕೋಶಗಳು ಕೆಲಸ ಮಾಡುತ್ತವೆ ಮತ್ತು ಇಸಬು ಏಳಲು ಒಂದೆರಡು ದಿನಗಳೇ ಬೇಕು. ರಕ್ತದ ಐಜಿಇ ಪರೀಕ್ಷೆಯಾಗಲಿ, ಅನುಮಾನದ ಪದಾರ್ಥದ ಹನಿಯ ಮೂಲಕ ಚರ್ಮವನ್ನು ಚುಚ್ಚಿ ನೋಡುವ ಚುಚ್ಚುಪರೀಕ್ಷೆಯಾಗಲಿ ಮೊದಲನೆಯದನ್ನು ಮಾತ್ರ ತೋರಿಸುತ್ತವೆ. ನಿಕಲ್, ತಲೆಗೂದಲಿನ ಬಣ್ಣದ ಪ್ಯಾರಾಫೆನಿಲೀನ್ ಡಯಮೈನ್, ಸಿಮೆಂಟಿನ ಕ್ರೋಮೇಟ್, ಕೈಗವಸಿನ ರಬ್ಬರ್ ರಾಸಾಯನಿಕ ಇವುಗಳಿಂದ ಬರುವ ಇಸಬನ್ನು ರಕ್ತದಲ್ಲಿ ಹುಡುಕಿದರೆ ವರದಿ ನೆಗೆಟಿವ್ ಬರುವುದು ಸಹಜ.

ಹುಡುಗಿಯ ವಿಷಯಕ್ಕೆ ಬರೋಣ. ಗಂಧೆಗಳು ಆರು ವಾರಗಳಿಗಿಂತ ಹೆಚ್ಚು ಕಾಲ ಏಳುತ್ತಿದ್ದರೆ ಅದು ದೀರ್ಘಕಾಲದ ಅರ್ಟಿಕೇರಿಯಾ, ಮತ್ತು ದಿನವೂ ಏಳುವ ಇಂಥ ಗಂಧೆಗೆ ಆಹಾರದ ಅಲರ್ಜಿ ಕಾರಣವಾಗಿರುವುದು ಬಹಳ ಅಪರೂಪ. ಆಹಾರವೇ ಕಾರಣವಾಗಿದ್ದರೆ ಅದನ್ನು ತಿಂದಾಗಲೆಲ್ಲ ಸ್ವಲ್ಪ ಹೊತ್ತಿನಲ್ಲೇ ಗಂಧೆ ಏಳಬೇಕು, ತಿನ್ನದ ದಿನ ಏಳಬಾರದು. ಸೀಗಡಿಯ ಪಾಸಿಟಿವ್‌ಗೆ ವಿವರಣೆ ಸುಲಭ: ಸೀಗಡಿ, ಜಿರಳೆ, ಧೂಳಿನ ಮೈಟ್ ಮೂರರಲ್ಲೂ ಟ್ರೋಪೊಮಯೋಸಿನ್ ಎಂಬ ಹೋಲಿಕೆಯುಳ್ಳ ಪ್ರೋಟೀನ್ ಇದೆ. ಮುಂಬಯಿಯ ತೇವದ ಹವೆಯಲ್ಲಿ ಹಾಸಿಗೆಯ ಮೈಟ್‌ಗಳಿಗೆ ಮತ್ತು ಮೋರಿಯ ಜಿರಳೆಗಳಿಗೆ ಒಡ್ಡಿಕೊಂಡ ದೇಹವು ಸೀಗಡಿಯನ್ನು ಮುಟ್ಟದೆಯೂ ಅದರ ವಿರುದ್ಧ ಐಜಿಇ ತೋರಿಸಬಲ್ಲದು. ಇದು ದೇಹವು ಐಜಿಇ ತಯಾರಿಸಿರುವ ಗುರುತು (ಸೆನ್ಸಿಟೈಸೇಶನ್) ಮಾತ್ರ, ಅಲರ್ಜಿ ರೋಗವಲ್ಲ. ಪ್ಯಾಕೇಜುಗಳ ವರದಿಗಳು ಈ ಎರಡರ ನಡುವಿನ ಅಂತರವನ್ನು ಅಳಿಸಿಹಾಕುತ್ತವೆ ಎಂಬುದೇ ನನ್ನ ಮುಖ್ಯ ತಕರಾರು.

ಅವಳಿಗೆ ನಿಮ್ಮ ಮೇಜಿನ ಬಳಿಯೇ ಮಾಡಬಹುದಾದದ್ದು ಸಾಕಷ್ಟಿದೆ. ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು, ಇಪ್ಪತ್ನಾಲ್ಕು ಗಂಟೆಗಳೊಳಗೆ ಇಳಿಯುತ್ತದೆಯೇ ಎಂದು ನೋಡಲು ಹೇಳಿರಿ. ಅದಕ್ಕಿಂತ ಹೆಚ್ಚು ಹೊತ್ತು ನಿಂತು, ನೋವಾಗಿ, ಹೋಗುವಾಗ ಕಂದುಗಲೆ ಬಿಟ್ಟರೆ ರಕ್ತನಾಳಗಳ ಉರಿಯೂತವಿರಬಹುದು, ಆಗ ಬಯಾಪ್ಸಿ ಬೇಕು. ಬೆನ್ನಿನ ಮೇಲೆ ಮೊಂಡು ತುದಿಯಿಂದ ಗೀರಿದರೆ ಗೆರೆಯುದ್ದಕ್ಕೂ ಉಬ್ಬುತ್ತದೆಯೇ, ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆಯನ್ನು ಮುಂದೋಳಿನ ಮೇಲೆ ಐದು ನಿಮಿಷ ಇಟ್ಟು ತೆಗೆದ ಮೇಲೆ ಹತ್ತು ನಿಮಿಷದಲ್ಲಿ ಅಲ್ಲಿ ಗಂಧೆ ಏಳುತ್ತದೆಯೇ ಎಂದು ನೋಡಬಹುದು. ಗಂಧೆಯಿಲ್ಲದೆ ತುಟಿ, ಕಣ್ಣಿನ ರೆಪ್ಪೆ ಮಾತ್ರ ಊದಿಕೊಳ್ಳುವವರಲ್ಲಿ ರಾಮಿಪ್ರಿಲ್, ಎನಾಲಪ್ರಿಲ್ ಬಗೆಯ ಬಿಪಿ ಮಾತ್ರೆಗಳನ್ನು ವಿಚಾರಿಸಿ, ಅವು ಇಲ್ಲವಾದರೆ ರಕ್ತದಲ್ಲಿ ಸಿ4 ಎಂಬ ಪ್ರೋಟೀನಿನ ಪ್ರಮಾಣವನ್ನು ನೋಡಬೇಕು. ರಕ್ತಪರೀಕ್ಷೆಯಾಗಿ ಆರಂಭದಲ್ಲಿ ರಕ್ತಕಣಗಳ ಎಣಿಕೆ ಮತ್ತು ಉರಿಯೂತವನ್ನು ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ ಸಾಕು. ಒಟ್ಟು ಐಜಿಇ ಮತ್ತು ಥೈರಾಯ್ಡಿನ ಟಿಪಿಒ ಪ್ರತಿಕಾಯಗಳನ್ನು ತಜ್ಞರು ಕೇಳುವುದು ಆಹಾರ ಹುಡುಕಲು ಅಲ್ಲ; ಇದು ಸ್ವಪ್ರತಿರಕ್ಷೆಯಿಂದ ಬಂದ ಅರ್ಟಿಕೇರಿಯಾವೇ ಎಂದು ಅಂದಾಜು ಮಾಡಲು.

ಹಾಗೆಂದು ಆಹಾರದ ಐಜಿಇ ಪರೀಕ್ಷೆ ನಿರುಪಯುಕ್ತವೆಂದು ಅರ್ಥವಲ್ಲ. ಚಪಾತಿ ತಿಂದು ಲೋಕಲ್ ಗಾಡಿ ಹಿಡಿಯಲು ಓಡಿದ ದಿನ ಮಾತ್ರ ಮೈತುಂಬ ಗಂಧೆ ಎದ್ದು ತಲೆಸುತ್ತಿ ಬೀಳುವವರಿದ್ದಾರೆ. ಉಳಿದ ದಿನ ಅದೇ ಚಪಾತಿ ಅವರಿಗೆ ಏನೂ ಮಾಡುವುದಿಲ್ಲ. ಇವರಲ್ಲಿ ಗೋಧಿಯ ಮಾಮೂಲಿ ಪರೀಕ್ಷೆ ನೆಗೆಟಿವ್ ಬಂದರೂ ಒಮೆಗಾ-5 ಗ್ಲಯಾಡಿನ್ ಎಂಬ ಒಂದೇ ಘಟಕಕ್ಕೆ ಕೇಳಿದ ಐಜಿಇ ಉತ್ತರ ಕೊಡಬಹುದು. ನೋವಿನ ಮಾತ್ರೆ ನುಂಗಿದ ದಿನವೂ ಹೀಗಾಗುವುದುಂಟು. ವ್ಯಾಯಾಮ, ಮಾತ್ರೆ, ಊಟದ ಹೊತ್ತು ಇವನ್ನು ಕೇಳದಿದ್ದರೆ ಈ ಪರೀಕ್ಷೆಯನ್ನು ಬರೆಯಬೇಕೆಂಬ ಯೋಚನೆಯೇ ಹೊಳೆಯುವುದಿಲ್ಲ.

ಅಡುಗೆಮನೆಯವರಿಗೆ ಬೇಕಾದದ್ದು ಪ್ಯಾಚ್ ಪರೀಕ್ಷೆ, ಅಂದರೆ ಅನುಮಾನದ ಪದಾರ್ಥವನ್ನು ಪಟ್ಟಿಯಲ್ಲಿಟ್ಟು ಬೆನ್ನಿಗೆ ಅಂಟಿಸಿ ನೋಡುವ ಪರೀಕ್ಷೆ. ಬಲಗೈಯಲ್ಲಿ ಚೂರಿ, ಎಡಗೈಯ ಮೂರು ಬೆರಳುಗಳಲ್ಲಿ ಬೆಳ್ಳುಳ್ಳಿಯ ಎಸಳು; ನೀವು ಬರೆದ ಜಾಗಗಳು ಅದಕ್ಕೆ ಸರಿಯಾಗಿ ಹೊಂದುತ್ತವೆ. ಬೆಳ್ಳುಳ್ಳಿಯ ಡಯಾಲಿಲ್ ಡೈಸಲ್ಫೈಡ್ ಇದಕ್ಕೆ ಕಾರಣವೆಂಬುದು ಬಹಳ ಹಿಂದೆಯೇ ಗೊತ್ತಾಗಿದೆ. ದಯವಿಟ್ಟು ಹಸಿ ಬೆಳ್ಳುಳ್ಳಿಯನ್ನೇ ಚರ್ಮಕ್ಕೆ ಕಟ್ಟಿ ಪರೀಕ್ಷಿಸಬೇಡಿ, ಅದು ಯಾರ ಚರ್ಮವನ್ನಾದರೂ ಸುಡುತ್ತದೆ. ಪೆಟ್ರೋಲೇಟಮ್‌ನಲ್ಲಿ ಅಳತೆಯಂತೆ ಬೆರೆಸಿದ ಸಿದ್ಧ ಪದಾರ್ಥ ಬೇಕು. ಜೊತೆಗೆ ಪಾತ್ರೆ ತೊಳೆಯುವ ಸೋಪು, ದಿನವಿಡೀ ಒದ್ದೆ ಕೈ, ಹಾಕಿಕೊಳ್ಳುವ ಕೈಗವಸು ಇವನ್ನೂ ವಿಚಾರಿಸಿರಿ, ಏಕೆಂದರೆ ಅಲರ್ಜಿಯಲ್ಲದ ಬರಿಯ ಕೆರಳಿಕೆಯೂ ಹೀಗೆಯೇ ಕಾಣಿಸಬಹುದು.

ಪ್ಯಾಚ್ ಪರೀಕ್ಷೆ ಹೊಸದೇನಲ್ಲ, ಚರ್ಮರೋಗ ತಜ್ಞ ಯೋಸೆಫ್ ಯಾಡಸ್ಸೋನ್ ಅದನ್ನು 1895ರಲ್ಲಿಯೇ ತೋರಿಸಿಕೊಟ್ಟರು. ಆದರೂ ನಮ್ಮಲ್ಲಿ ಅದನ್ನು ಕೇಳುವವರು ಕಡಿಮೆ. ಪುಣೆಯವನಾಗಿ ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುವ ಆಸೆ ನನಗಿದೆ. ನಮ್ಮ ದೇಶದಲ್ಲಿ ಪಾರ್ಥೇನಿಯಂ ಕಳೆ, ಅಂದರೆ ನಾವು ಕಾಂಗ್ರೆಸ್ ಹುಲ್ಲು ಎಂದೂ ಇಲ್ಲಿಯವರು ಗಾಜರ ಗವತವೆಂದೂ ಕರೆಯುವ ಗಿಡ, ಜನರ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ ಪುಣೆಯ ಆಸುಪಾಸಿನಲ್ಲಿ. ಅದರ ಒಣಗಿದ ಪುಡಿ ಗಾಳಿಯಲ್ಲಿ ಹಾರಿ ಬಂದು ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಇಸಬು ಎಬ್ಬಿಸುತ್ತದೆ. ಮಡಿಕೆಗಳಲ್ಲಿ ಇರುವುದರಿಂದ ಅದು ಅಟೋಪಿಕ್ ಇಸಬಿನಂತೆ, ಅಂದರೆ ಮನೆತನದಲ್ಲಿ ಬರುವ ಅಲರ್ಜಿ ಸ್ವಭಾವದ ಇಸಬಿನಂತೆ, ಕಾಣುತ್ತದೆ, ಮುಖದಲ್ಲಿ ಇರುವುದರಿಂದ ಬಿಸಿಲಿನ ಅಲರ್ಜಿಯಂತೆ ಕಾಣುತ್ತದೆ. ಬಿಸಿಲು ತಾಗದ ಮೇಲ್ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಕೆಳಗಿನ ನೆರಳಿನ ಭಾಗ ಕೂಡ ಕೆಟ್ಟಿದ್ದರೆ ಗಾಳಿಯಲ್ಲಿ ಬಂದದ್ದನ್ನು ಅನುಮಾನಿಸಬೇಕು. ವರ್ಷಗಟ್ಟಲೆ ‘ಬಿಸಿಲಿನ ಅಲರ್ಜಿ’ ಎಂಬ ಹೆಸರು ಹೊತ್ತು ಓಡಾಡಿದ ರೈತರಲ್ಲಿ ಪಾರ್ಥೇನಿಯಂ ಪ್ಯಾಚ್ ಎದ್ದು ಕಂಡದ್ದನ್ನು ಇಲ್ಲಿಯ ಚರ್ಮರೋಗ ತಜ್ಞರೆಲ್ಲ ನೋಡಿದ್ದಾರೆ. ಇಂಡಿಯನ್ ಸ್ಟ್ಯಾಂಡರ್ಡ್ ಸೀರೀಸ್ ಎಂಬ ನಮ್ಮ ದೇಶದ ಪ್ಯಾಚ್ ಸರಣಿಯಲ್ಲಿ ಪಾರ್ಥೇನಿಯಂ ಸೇರಿದೆ. ಪರದೇಶದ ಸರಣಿಯನ್ನು ಹಾಗೆಯೇ ಬಳಸಿದರೆ ಅದು ತಪ್ಪಿಹೋಗುವ ಸಂಭವವುಂಟು.

ಮೂರನೆಯ ಹಿರಿಯರ ಬಗ್ಗೆ ಲ್ಯಾಬಿನ ಕಡೆಯವರು ಯಾರಾದರೂ ಬರೆದರೆ ಒಳ್ಳೆಯದು.

ಉತ್ತರ: ಮುಂಬಯಿಯ ಪೆಥಾಲಜಿಸ್ಟ್, ಪರೇಲ್ ಕಡೆಯವರು

ಹಿಂದಿನ ಉತ್ತರಕ್ಕೆ ನನ್ನ ಸಹಮತವಿದೆ. ಮೊದಲು ಆ ಐಜಿಜಿ ಪುಟದ ಬಗ್ಗೆ ಒಂದು ಮಾತು. ನಾವು ದಿನವೂ ತಿನ್ನುವ ಆಹಾರಕ್ಕೆ ಐಜಿಜಿ ಇರುವುದು ಆರೋಗ್ಯವಂತರಲ್ಲೂ ಕಂಡುಬರುವ ಸಂಗತಿ. ಅದು ಆ ಆಹಾರದ ಪರಿಚಯವನ್ನು ಸೂಚಿಸುತ್ತದೆ. ಆಹಾರದ ಅಲರ್ಜಿ ಪತ್ತೆಗೆ ಐಜಿಜಿಯ ಉಪಬಗೆಯಾದ ಐಜಿಜಿ4ರ ಪರೀಕ್ಷೆ ಬಳಸಬಾರದೆಂದು ಯುರೋಪಿನ ಅಲರ್ಜಿ ಅಕಾಡೆಮಿಯ ತಜ್ಞರು 2008ರಲ್ಲಿಯೇ ಹೇಳಿದ್ದಾರೆ. ಹಾಲು, ಗೋಧಿ ಬಿಟ್ಟ ಬೆಳೆಯುವ ಮಕ್ಕಳನ್ನು ನೋಡಿದಾಗ ನನಗೆ ಆ ಪುಟವನ್ನು ಹರಿದುಹಾಕಬೇಕೆನಿಸುತ್ತದೆ.

ಒಟ್ಟು ಐಜಿಇಯನ್ನೂ ಜನರು ತಿಳಿದಿರುವಷ್ಟು ನಂಬುವಂತಿಲ್ಲ. ಇಶಿಜಾಕಾ ದಂಪತಿ ಅಮೆರಿಕದಲ್ಲಿ, ಯೋಹಾನ್ಸನ್ ಮತ್ತು ಬೆನಿಚ್ ಸ್ವೀಡನ್ನಿನಲ್ಲಿ ಬೇರೆಬೇರೆಯಾಗಿ ಕಂಡುಹಿಡಿದ ಈ ಪ್ರತಿಕಾಯಕ್ಕೆ 1968ರಲ್ಲಿ ಐಜಿಇ ಎಂಬ ಹೆಸರು ನಿಶ್ಚಯವಾಯಿತು. ಹೊಟ್ಟೆಹುಳು, ತುರಿಕಜ್ಜಿ, ಅಟೋಪಿಕ್ ಇಸಬು, ಹೀಗೆ ಎಷ್ಟೋ ಕಾರಣಗಳಿಂದ ಅದು ಏರುತ್ತದೆ. ಏರಿದ ಅಂಕಿಯೊಂದನ್ನೇ ನೋಡಿ ಅಲರ್ಜಿಯೆಂದು ಬರೆಯಲಾಗದು.

ಈಗ ಆ ಹಿರಿಯರು. ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ತುರಿಕೆ, ಅಲ್ಲಲ್ಲಿ ದಡಿಕೆ, ಇಯೊಸಿನೊಫಿಲ್ ಏರಿಕೆ ಇದ್ದಾಗ ನೆನಪಿಗೆ ಬರಬೇಕಾದ ಹೆಸರು ಬುಲ್ಲಸ್ ಪೆಂಫಿಗಾಯ್ಡ್. ಚರ್ಮದ ಮೇಲ್ಪದರವನ್ನು ಕೆಳಗಿನ ಪದರಕ್ಕೆ ಹಿಡಿದಿಡುವ ಬಿಪಿ180, ಬಿಪಿ230 ಎಂಬ ಪ್ರೋಟೀನುಗಳ ಮೇಲೆ ದೇಹವೇ ಪ್ರತಿಕಾಯ ತಯಾರಿಸುವ ಕಾಯಿಲೆಯಿದು. ಪುಸ್ತಕದ ಚಿತ್ರಗಳಲ್ಲಿ ಬಿಗಿಯಾದ ದೊಡ್ಡ ನೀರ್ಗುಳ್ಳೆಗಳಿರುತ್ತವೆ, ಆದರೆ ಗುಳ್ಳೆ ಏಳುವ ವಾರಗಳು, ಕೆಲವೊಮ್ಮೆ ತಿಂಗಳುಗಳ ಮೊದಲಿನಿಂದ ಬರಿಯ ತುರಿಕೆಯಾಗಿ ಅದು ಇರಬಲ್ಲದು. ಅವರ ಸಕ್ಕರೆ ಕಾಯಿಲೆಯ ಮಾತ್ರೆಗಳ ಪಟ್ಟಿಯನ್ನು ಖಂಡಿತ ನೋಡಿರಿ: ಗ್ಲಿಪ್ಟಿನ್ ಗುಂಪಿನ ಔಷಧಿಗಳಿಗೂ, ಅವುಗಳಲ್ಲಿ ಮುಖ್ಯವಾಗಿ ವಿಲ್ಡಾಗ್ಲಿಪ್ಟಿನ್‌ಗೂ, ಈ ಕಾಯಿಲೆಗೂ ಸಂಬಂಧವಿರುವುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಮಾತ್ರೆಯನ್ನು ರೋಗಿ ತಾವಾಗಿಯೇ ನಿಲ್ಲಿಸಬಾರದು. ಬದಲಿ ಔಷಧಿಯನ್ನು ನೀವು ಗೊತ್ತುಮಾಡಬೇಕು. ಇದಕ್ಕೂ ಮೊದಲು ತುರಿಕಜ್ಜಿ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ರಾತ್ರಿ ಹೆಚ್ಚುವ ತುರಿಕೆ, ಮನೆಯ ಇತರರಿಗೂ ತುರಿಕೆ, ಬೆರಳುಸಂದುಗಳಲ್ಲಿ ಗೆರೆಯಂಥ ಬಿಲಗಳು ಇವನ್ನು ನೋಡಲು ಲ್ಯಾಬು ಬೇಡ. ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಪರೀಕ್ಷೆಗಳೂ ಒಮ್ಮೆ ಆಗಲಿ.

ಪೆಂಫಿಗಾಯ್ಡ್ ಅನುಮಾನವಿದ್ದರೆ ಎರಡು ತುಂಡು ಚರ್ಮ ಬೇಕು. ದಡಿಕೆ ಅಥವಾ ಗುಳ್ಳೆಯ ತುಂಡು ಫಾರ್ಮಲಿನ್‌ಗೆ. ಅದರ ಪಕ್ಕದ, ನೋಡಲು ಚೆನ್ನಾಗಿರುವ ಚರ್ಮದ ತುಂಡು, ಪ್ರತಿಕಾಯಗಳನ್ನು ಬೆಳಗಿಸಿ ತೋರಿಸುವ ಇಮ್ಯುನೊಫ್ಲೋರೆಸೆನ್ಸ್‌ಗೆ. ಇದನ್ನು ಫಾರ್ಮಲಿನ್‌ನಲ್ಲಿ ಹಾಕಲೇಬಾರದು. ಮಿಶೆಲ್ ದ್ರಾವಣದಲ್ಲಿ ಹಾಕಬೇಕು; ಅದು ಸಿಗದಿದ್ದರೆ ಸಾದಾ ಸಲೈನ್‌ನಲ್ಲಿ ಹಾಕಿ ಒಂದು ದಿನದೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಎರಡೂ ತುಂಡುಗಳು ಒಂದೇ ಫಾರ್ಮಲಿನ್ ಬಾಟಲಿಯಲ್ಲಿ ಬರುವುದು ನಮಗೆ ಹೊಸತಲ್ಲ, ಆಮೇಲೆ ಆ ರೋಗಿ ಮತ್ತೊಮ್ಮೆ ಸೂಜಿಗೆ ಮೈಯೊಡ್ಡಬೇಕಾಗುತ್ತದೆ. ಪದರದ ಗಡಿಯುದ್ದಕ್ಕೂ ಐಜಿಜಿ ಮತ್ತು ಸಿ3 ಎಂಬ ಪ್ರೋಟೀನ್ ತೆಳು ಗೆರೆಯಾಗಿ ಬೆಳಗಿದರೆ ಪೆಂಫಿಗಾಯ್ಡ್. ಐಜಿಎ ಚುಕ್ಕೆಚುಕ್ಕೆಯಾಗಿ ಒಳಚರ್ಮದ ತುದಿಗಳಲ್ಲಿ ಕಂಡರೆ ಗ್ಲುಟೆನ್‌ಗೆ ಸಂಬಂಧಿಸಿದ ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. ಜೊತೆಗೆ ರಕ್ತದಲ್ಲಿ ಬಿಪಿ180ರ ವಿರುದ್ಧದ ಪ್ರತಿಕಾಯವನ್ನು ಅಳೆಯುವ ಎಲೈಸಾ ಪರೀಕ್ಷೆ ಮಾಡಿಸಬಹುದು.

ಉತ್ತರ: ಗೋವೆಯ ಫೋಂಡಾದಿಂದ, ಗೇರುಬೀಜ ಕಾರ್ಖಾನೆಯ ಮೇಲ್ವಿಚಾರಕ

ನಾನು ವೈದ್ಯನಲ್ಲ, ಕಾರವಾರದ ಕಡೆಯವನು, ಇಲ್ಲಿಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ಕೆಲಸ. ಡಾಕ್ಟರರು ಬರೆದ ‘ಯಾವ ಬಗೆ’ ಎಂಬ ಮಾತು ನಮ್ಮಲ್ಲಿ ದಿನವೂ ಕಣ್ಣಿಗೆ ಬೀಳುವಂಥದು. ಸಿಪ್ಪೆ ಒಡೆಯುವ ಹೆಂಗಸರ ಕೈಗೆ ಚಿಪ್ಪಿನ ಎಣ್ಣೆ ತಾಗಿ ಕಪ್ಪಾಗಿ, ಸುಲಿದು, ಕೆಲವರಿಗೆ ಮುಖವೂ ಊದಿಕೊಳ್ಳುತ್ತದೆ. ನಮ್ಮ ಒಬ್ಬರನ್ನು ಒಂದು ಕಡೆ ತೋರಿಸಿದಾಗ ಗೋಡಂಬಿಯ ರಕ್ತಪರೀಕ್ಷೆ ಮಾಡಿಸಿ, ನೆಗೆಟಿವ್ ಬಂದುದರಿಂದ ‘ನಿಮಗೆ ಗೇರಿನ ಅಲರ್ಜಿಯಿಲ್ಲ, ಕೆಲಸ ಮುಂದುವರಿಸಿ’ ಎಂದು ಹೇಳಿ ಕಳುಹಿಸಿದರು. ಅವರು ಗೋಡಂಬಿ ತಿಂದರೆ ಏನೂ ಆಗುವುದಿಲ್ಲವೆಂಬುದು ನಿಜ. ಆದರೆ ಚಿಪ್ಪು ಮುಟ್ಟಿದ ಎರಡನೆಯ ದಿನ ಕೈ ಮತ್ತೆ ಒಡೆಯಿತು. ಇದಕ್ಕೆ ಯಾವ ಪರೀಕ್ಷೆ ಎಂದು ತಿಳಿಸುವಿರಾ? ಇನ್ನೊಂದು ಸಂಗತಿ: ಅದೇ ಹೆಂಗಸರಿಗೆ ಮಾವಿನಕಾಯಿಯ ಸೊನೆ ತಾಗಿದರೂ ತುಟಿಯ ಸುತ್ತ ಇಸಬು ಏಳುತ್ತದೆ.

ಉತ್ತರ: ಪುಣೆಯ ಚರ್ಮರೋಗ ತಜ್ಞ

ಫೋಂಡಾದವರು ಕೊಟ್ಟ ಉದಾಹರಣೆ ನಾನು ಹೇಳಬೇಕಾದದ್ದನ್ನು ನನಗಿಂತ ಚೆನ್ನಾಗಿ ಹೇಳುತ್ತದೆ. ಗೋಡಂಬಿಯ ತಿರುಳಿನ ಅಲರ್ಜಿ ಐಜಿಇಯದು. ತಿಂದ ನಿಮಿಷಗಳಲ್ಲಿ ಗಂಧೆ, ವಾಂತಿ, ಉಸಿರಿನ ತೊಂದರೆ. ಅದಕ್ಕೆ ಚುಚ್ಚುಪರೀಕ್ಷೆ ಅಥವಾ ತಿರುಳಿನ ಅನಾ ಒ 3 ಎಂಬ ಪ್ರೋಟೀನಿಗೆ ಐಜಿಇ ನೋಡಬಹುದು. ಚಿಪ್ಪಿನ ಎಣ್ಣೆಯಲ್ಲಿರುವುದು ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್. ಇವು ಮಾವಿನ ಸೊನೆಯ ರಾಸಾಯನಿಕಗಳಿಗೆ ಹತ್ತಿರದವು, ಎರಡೂ ಒಂದೇ ಕುಟುಂಬದ ಮರಗಳು. ಹಾಗಾಗಿ ನಿಮ್ಮ ಆ ಕಾರ್ಮಿಕರಿಗೆ ಸೊನೆಯೂ ಆಗದಿರುವುದು ಹೊಂದುತ್ತದೆ. ಎಣ್ಣೆ ಸುಡುವುದೂ ಹೌದು, ಅಲರ್ಜಿ ಮಾಡುವುದೂ ಹೌದು. ತಾವಾಗಿ ಹಚ್ಚಿ ನೋಡದೆ, ಪ್ಯಾಚ್ ಪರೀಕ್ಷೆಯ ಅನುಭವವಿರುವ ಚರ್ಮರೋಗ ವಿಭಾಗಕ್ಕೆ ಅವರನ್ನು ಕರೆದುಕೊಂಡು ಹೋಗಿ, ಯಾವ ಹಂತದಲ್ಲಿ ಏನನ್ನು ಮುಟ್ಟುತ್ತಾರೆಂದು ನೀವೇ ವಿವರಿಸಿರಿ.

ಮರುಪ್ರಶ್ನೆ: ಡೊಂಬಿವಲಿಯ ಕುಟುಂಬ ವೈದ್ಯೆ

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರ ಔಷಧಿಗಳಲ್ಲಿ ವಿಲ್ಡಾಗ್ಲಿಪ್ಟಿನ್ ಇದೆ; ತುರಿಕಜ್ಜಿಯ ಗುರುತು ಅವರಲ್ಲಾಗಲಿ ಮನೆಯವರಲ್ಲಾಗಲಿ ಇಲ್ಲ. ಬಯಾಪ್ಸಿಗೆ ಪತ್ರ ಬರೆದಿದ್ದೇನೆ, ಎರಡು ಬಾಟಲಿಗಳ ವಿಷಯವನ್ನೂ ಬರೆದಿದ್ದೇನೆ. ಇನ್ನೆರಡು ಸಂದೇಹಗಳಿವೆ. ನಮ್ಮವರ ಕಪ್ಪು ಮೈಬಣ್ಣದಲ್ಲಿ ‘ಕೆಂಪು’ ಎಂಬುದು ನನಗೆ ಎಷ್ಟೋ ಸಲ ಕಾಣುವುದೇ ಇಲ್ಲ, ಇಸಬಿನ ತೀವ್ರತೆಯನ್ನು ಹೇಗೆ ಅಂದಾಜು ಮಾಡಬೇಕು? ಎರಡನೆಯದಾಗಿ, ಪ್ಯಾಚ್ ಅಥವಾ ಚುಚ್ಚುಪರೀಕ್ಷೆಗೆ ಕಳುಹಿಸುವಾಗ ಯಾವ ಔಷಧಿಗಳನ್ನು ನಿಲ್ಲಿಸಬೇಕು?

ಉತ್ತರ: ಪುಣೆಯ ಚರ್ಮರೋಗ ತಜ್ಞ

ಕಪ್ಪು ಚರ್ಮದಲ್ಲಿ ಉರಿಯೂತವು ಕೆಂಪಾಗಿ ಕಾಣದೆ ನೇರಳೆ, ಬೂದು ಅಥವಾ ಇನ್ನಷ್ಟು ಗಾಢ ಕಂದಾಗಿ ಕಾಣುತ್ತದೆ. ಕೆಂಪನ್ನೇ ಎಣಿಸುವ ಅಂಕಪಟ್ಟಿಗಳು ನಮ್ಮ ರೋಗಿಗಳ ತೀವ್ರತೆಯನ್ನು ಕಡಿಮೆ ತೋರಿಸುತ್ತವೆ. ಕೈಯಿಂದ ಮುಟ್ಟಿ ಬಿಸಿ, ಉಬ್ಬು, ದಪ್ಪವನ್ನು ನೋಡಿರಿ, ಪಕ್ಕದ ಚೆನ್ನಾಗಿರುವ ಚರ್ಮದೊಡನೆ ಹೋಲಿಸಿರಿ, ನಿದ್ದೆ ಎಷ್ಟು ಕೆಡುತ್ತದೆಂದು ಕೇಳಿರಿ. ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ಕೂಸುಗಳಲ್ಲಿ ಇಸಬಿನ ಜೊತೆಗೆ ಪದೇಪದೇ ನ್ಯುಮೋನಿಯಾ, ಕೀವುಗಡ್ಡೆ, ರಕ್ತಸ್ರಾವ ಇದ್ದರೆ ಅದು ಹುಟ್ಟಿನಿಂದ ಬಂದ ರೋಗನಿರೋಧಕ ದೋಷವಿರಬಹುದು. ಪ್ಲೇಟ್‌ಲೆಟ್‌ಗಳ ಎಣಿಕೆಯ ಜೊತೆ ಗಾತ್ರವನ್ನೂ ನೋಡಿ ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಂಥ ಕಡೆಗೆ ಬೇಗ ಕಳುಹಿಸುವುದು ಒಳ್ಳೆಯದು.

ಚುಚ್ಚುಪರೀಕ್ಷೆಗೆ ಮೊದಲು ಆಂಟಿಹಿಸ್ಟಮಿನ್‌ಗಳನ್ನು ಸುಮಾರು ಒಂದು ವಾರ ನಿಲ್ಲಿಸಬೇಕು. ನೆಗಡಿಯ ಮಾತ್ರೆ, ಕೆಮ್ಮಿನ ಸಿರಪ್‌ಗಳಲ್ಲಿ ಅಡಗಿರುವ ಕ್ಲೋರ್‌ಫೆನಿರಮಿನ್ ಸಹ ಲೆಕ್ಕಕ್ಕೆ ಬರುತ್ತದೆ. ಹದಿನೈದರಿಂದ ಇಪ್ಪತ್ತು ನಿಮಿಷಗಳಲ್ಲಿ ಸಲೈನ್ ಚುಚ್ಚಿದ ಜಾಗಕ್ಕಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡ ಉಬ್ಬು ಬಂದರೆ ಮಾತ್ರ ಪಾಸಿಟಿವ್. ಪ್ಯಾಚ್ ಪರೀಕ್ಷೆಗೆ ಆಂಟಿಹಿಸ್ಟಮಿನ್ ಅಡ್ಡಿಯಲ್ಲ, ಆದರೆ ನುಂಗುವ ಸ್ಟೀರಾಯ್ಡ್ ಮತ್ತು ಬೆನ್ನಿಗೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಅಡ್ಡಿ. ಪಟ್ಟಿಗಳನ್ನು 48 ಗಂಟೆಗಳ ನಂತರ ತೆಗೆದು ನೋಡಿ, ಮತ್ತೆ 72ರಿಂದ 96 ಗಂಟೆಗಳಲ್ಲಿ ನೋಡಲೇಬೇಕು. ಲೋಹಗಳಿಗೆ ಒಂದು ವಾರದ ನಂತರದ ನೋಟವೂ ಬೇಕಾಗಬಹುದು. ಒಂದೇ ಸಲ ನೋಡಿ ನೆಗೆಟಿವ್ ಎಂದು ಬರೆದ ವರದಿಗೆ ನಾನು ಬೆಲೆ ಕೊಡುವುದಿಲ್ಲ. ಮೇ ಮತ್ತು ಅಕ್ಟೋಬರಿನ ಸೆಕೆಯಲ್ಲಿ ಲೋಕಲ್‌ನ ನೂಕುನುಗ್ಗಲಿನಲ್ಲಿ ಬೆವರಿ ಪಟ್ಟಿಗಳು ಕಳಚಿಬೀಳುವುದರಿಂದ, ಸಾಧ್ಯವಾದರೆ ಚಳಿಗಾಲದಲ್ಲಿ ಅಥವಾ ರಜೆಯ ದಿನಗಳಿಗೆ ಹೊಂದಿಸಿ ಕಳುಹಿಸಿರಿ.

ಪತ್ರ ಬರೆಯುವಾಗ ಕಸುಬು, ಮೊದಲು ಕೆಟ್ಟ ಜಾಗ, ಮುಟ್ಟಿದ ಅಥವಾ ತಿಂದ ಎಷ್ಟು ಹೊತ್ತಿಗೆ ಲಕ್ಷಣ ಬರುತ್ತದೆಂಬುದು, ರಜೆಗೆ ಊರಿಗೆ ಹೋದಾಗ ಕಡಿಮೆಯಾಗುತ್ತದೆಯೇ ಎಂಬುದು ಇವಿಷ್ಟಿದ್ದರೆ ನಮ್ಮ ಅರ್ಧ ಕೆಲಸ ಮುಗಿಯುತ್ತದೆ. ಹಚ್ಚಿದ ಮುಲಾಮುಗಳ ಖಾಲಿ ಟ್ಯೂಬುಗಳನ್ನೂ ತರಲು ಹೇಳಿರಿ. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ನಿಯಮ ಬಿಗಿಯಾಗಿದ್ದರೂ, ಕ್ಲೋಬೆಟಸಾಲ್ ಜೊತೆಗೆ ಆಂಟಿಬಯೋಟಿಕ್ ಮತ್ತು ಶಿಲೀಂಧ್ರದ ಔಷಧಿ ಬೆರೆತ ಟ್ಯೂಬುಗಳು ಇಂದಿಗೂ ಅನೇಕರ ಕೈಯಲ್ಲಿವೆ. ಅವನ್ನು ಹಚ್ಚಿಕೊಂಡ ಹುಳುಕಡ್ಡಿ ತನ್ನ ಉಂಗುರದ ಆಕಾರವನ್ನೇ ಕಳೆದುಕೊಂಡು ಇಸಬಿನಂತೆ ಕಾಣುತ್ತದೆ. ಅಂಥವರಲ್ಲಿ ಅಲರ್ಜಿ ಪರೀಕ್ಷೆಗೆ ಬರೆಯುವ ಮೊದಲು ಅಂಚಿನ ಹೊಟ್ಟನ್ನು ಕೆರೆದು, ಕೆಒಎಚ್ ಎಂಬ ಕ್ಷಾರದ ದ್ರಾವಣ ಹಾಕಿ, ಶಿಲೀಂಧ್ರವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿಸಿರಿ.